ಕೈಗೆಟುಕದ ನಾಣ್ಯದ ಪರೀಕ್ಷೆ

ನಾಣ್ಯವನ್ನು ಪರೀಕ್ಷಿಸಿ ಸ್ವೀಕರಿಸುವುದು ನಮ್ಮ ದೇಶದಲ್ಲಿ ಬಹು ಪುರಾತನವಾದ ವಿದ್ಯೆ. ಕೌಟಿಲ್ಯನ ಅರ್ಥಶಾಸ್ತ್ರವು ಟಂಕಸಾಲೆಯ ಮೇಲ್ವಿಚಾರಣೆಗೆ ಲಕ್ಷಣಾಧ್ಯಕ್ಷನೆಂಬ ಅಧಿಕಾರಿಯನ್ನೂ, ನಾಣ್ಯಗಳ ಪರೀಕ್ಷೆಗೆ ರೂಪದರ್ಶಕನೆಂಬ ಅಧಿಕಾರಿಯನ್ನೂ ವಿಧಿಸುತ್ತದೆ. ಇಂದಿನ ರೂಪಾಯಿ ಎಂಬ ಮಾತಿನ ಮೂಲವಾದ ‘ರೂಪ್ಯ’ ಶಬ್ದವನ್ನು ಪಾಣಿನಿಯು ಮುದ್ರೆಯೊತ್ತಿದ ವಸ್ತು ಎಂಬ ಅರ್ಥದಲ್ಲಿ ಸಾಧಿಸಿ ತೋರಿಸಿದ್ದಾನೆ. ಕನ್ನಡ ನಾಡಿನಲ್ಲಿ ಈ ವೃತ್ತಿಯವನಿಗೆ ಚಿನಿವಾರ, ನೋಟಗಾರ ಎಂಬ ಹೆಸರುಗಳು ಬಳಕೆಯಲ್ಲಿದ್ದುವು.

ಹೆಸರು ನೋಟಗಾರನೆಂದಾದರೂ ಅವನು ಕಣ್ಣೊಂದನ್ನೇ ನಂಬಿದವನಲ್ಲ. ಅಂಚನ್ನು ಬೆರಳಿನಿಂದ ಸವರುತ್ತಿದ್ದನು, ಕಲ್ಲಿನ ಮೇಲೆ ಬೀಳಿಸಿ ನಾದವನ್ನು ಕೇಳುತ್ತಿದ್ದನು, ತಕ್ಕಡಿಯಲ್ಲಿ ತೂಗುತ್ತಿದ್ದನು, ಚಿನ್ನವಾದರೆ ಒರೆಗಲ್ಲಿಗೆ ಉಜ್ಜಿ ಬಣ್ಣವನ್ನು ನೋಡುತ್ತಿದ್ದನು. ಕಣ್ಣು, ಕಿವಿ, ಕೈ, ತಕ್ಕಡಿ, ಒರೆಗಲ್ಲು ಈ ಐದೂ ಒಂದೇ ಮಾತನ್ನು ಹೇಳಿದಾಗ ಮಾತ್ರ ನಾಣ್ಯವು ಒಳ್ಳೆಯದೆಂದು ತೀರ್ಮಾನವಾಗುತ್ತಿತ್ತು.

ಇಂದು ಹಳೆಯ ನಾಣ್ಯಗಳ ವ್ಯಾಪಾರವು ಬಹುಮಟ್ಟಿಗೆ ಅಂತರಜಾಲದಲ್ಲಿ ನಡೆಯುತ್ತಿದೆ. ಮಾರುವವನು ಒಂದು ಊರಿನಲ್ಲಿ, ಕೊಳ್ಳುವವನು ಮತ್ತೊಂದು ಊರಿನಲ್ಲಿ. ನಡುವೆ ಇರುವುದು ಮೊಬೈಲಿನಲ್ಲಿ ತೆಗೆದ ಎರಡು ಛಾಯಾಚಿತ್ರಗಳು. ಐದು ಸಾಧನಗಳಲ್ಲಿ ನಾಲ್ಕು ಇಲ್ಲಿ ಇಲ್ಲ. ಉಳಿದಿರುವುದು ಕಣ್ಣೊಂದೇ, ಅದೂ ಇನ್ನೊಬ್ಬರು ತೋರಿಸಿದಷ್ಟನ್ನೇ ನೋಡಬಲ್ಲ ಕಣ್ಣು. ಆದುದರಿಂದ ಚಿತ್ರವನ್ನು ನಾಣ್ಯವೆಂದು ಭಾವಿಸದೆ, ನಾಣ್ಯದ ಪರವಾಗಿ ನುಡಿಯುವ ಒಬ್ಬ ಸಾಕ್ಷಿಯೆಂದು ಭಾವಿಸಬೇಕು. ಸಾಕ್ಷಿಯನ್ನು ಪ್ರಶ್ನಿಸುವ ಕ್ರಮವಿದೆ. ಆ ಕ್ರಮವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಪರಿಸರದ ನಾಣ್ಯಸಂಪತ್ತು

ಈ ವಿಷಯವು ಮಾಕಳಿಯ ವಿದ್ಯಾರ್ಥಿಗಳಿಗೆ ದೂರದ್ದೆಂದು ತೋರಬಹುದು. ವಾಸ್ತವವಾಗಿ ಅದು ತೀರ ಹತ್ತಿರದ್ದು. ಮಾಕಳಿಯು ಬೆಂಗಳೂರು–ತುಮಕೂರು ಹೆದ್ದಾರಿಯ ಮೇಲಿರುವ ಊರು. ಇದೇ ದಾರಿಯಲ್ಲಿ ಬೆಂಗಳೂರಿನ ಕಡೆಗೆ ಸಾಗಿದರೆ ದೊರೆಯುವ ಯಶವಂತಪುರದಲ್ಲಿ ೧೮೯೧ರಲ್ಲಿ ೧೬೩ ರೋಮನ್ ಬೆಳ್ಳಿ ನಾಣ್ಯಗಳ ನಿಧಿಯೊಂದು ದೊರೆಯಿತು. ಅಗಸ್ಟಸ್, ತಿಬೇರಿಯಸ್ ಮೊದಲಾದ ರೋಮನ್ ಚಕ್ರವರ್ತಿಗಳ ಕಾಲದ ದಿನಾರಿಯಸ್ ಎಂಬ ನಾಣ್ಯಗಳವು. ೧೯೬೫ರಲ್ಲಿ ಬೆಂಗಳೂರಿನ ಎಚ್.ಎ.ಎಲ್. ವಿಮಾನ ನಿಲ್ದಾಣದ ಪರಿಸರದಲ್ಲಿ ಇಂಥವೇ ೨೫೬ ನಾಣ್ಯಗಳು ಬೆಳಕಿಗೆ ಬಂದುವು. ಕ್ರಿಸ್ತಶಕದ ಆರಂಭಕಾಲದಲ್ಲಿ ಕಡಲಾಚೆಯ ವ್ಯಾಪಾರದ ಹಣವು ಈ ಒಳನಾಡಿಗೂ ತಲಪಿತ್ತೆಂಬುದಕ್ಕೆ ಇವು ಪ್ರಮಾಣ.

ಅಷ್ಟು ಪ್ರಾಚೀನವಲ್ಲದ ನಾಣ್ಯಗಳು ಮನೆಮನೆಗಳಲ್ಲಿಯೂ ಇವೆ. ಅಜ್ಜಿಯ ಕಾಸಿನ ಸರದಲ್ಲಿ ಪೋಣಿಸಿದ ಕಾಸುಗಳು, ಲಕ್ಷ್ಮೀಪೂಜೆಯ ದಿನ ಅರಿಶಿನ ಕುಂಕುಮ ಹಚ್ಚಿ ತಟ್ಟೆಯಲ್ಲಿ ಇಡುವ ರಾಣಿಯ ರೂಪಾಯಿ, ದೇವರ ಪೆಟ್ಟಿಗೆಯ ತಳದಲ್ಲಿ ಉಳಿದ ಮೈಸೂರಿನ ಆನೆಯ ಕಾಸು ಇವೆಲ್ಲ ನಾಣ್ಯಶಾಸ್ತ್ರದ ಸಾಮಗ್ರಿಗಳೇ. ಮೈಸೂರಿನ ಕಂಠೀರವ ನರಸರಾಜ ಒಡೆಯರು (೧೬೩೮–೧೬೫೯) ಹೊರಡಿಸಿದ ಕಂಠೀರವ ಹಣ, ವಿಜಯನಗರದ ಕೃಷ್ಣದೇವರಾಯನ (೧೫೦೯–೧೫೨೯) ಬಾಲಕೃಷ್ಣನ ವರಹ, ಶಿವಪಾರ್ವತಿಯರ ಚಿತ್ರವನ್ನು ಹಾಗೆಯೇ ಉಳಿಸಿಕೊಂಡು ಹೈದರಾಲಿಯು ಹೊರಡಿಸಿದ ವರಹ, ಟಿಪ್ಪುವಿನ ಆನೆಯ ತಾಮ್ರದ ನಾಣ್ಯ ಇವೆಲ್ಲ ಇಂದು ಅಂತರಜಾಲದ ಮಾರಾಟದಲ್ಲಿ ಕಾಣಿಸಿಕೊಳ್ಳುತ್ತವೆ; ಅವುಗಳ ಜೊತೆಗೆ ಅವುಗಳ ನಕಲುಗಳೂ ಕಾಣಿಸಿಕೊಳ್ಳುತ್ತವೆ.

ಸ್ಥಿತಿ ಎಂದರೇನು?

ನಾಣ್ಯದ ಬೆಲೆಯನ್ನು ಅದರ ವಯಸ್ಸೊಂದೇ ನಿರ್ಧರಿಸುತ್ತದೆಯೆಂಬುದು ಸಾಮಾನ್ಯವಾದ ತಪ್ಪು ತಿಳುವಳಿಕೆ. ಎರಡು ಸಾವಿರ ವರ್ಷ ಹಳೆಯ ನಾಣ್ಯವು ಅಗ್ಗವಾಗಿಯೂ, ನೂರು ವರ್ಷ ತುಂಬದ ನಾಣ್ಯವು ದುಬಾರಿಯಾಗಿಯೂ ಇರಬಹುದು. ವಿರಳತೆ, ಬೇಡಿಕೆ, ಸ್ಥಿತಿ ಇವು ಮೂರೂ ಸೇರಿ ಬೆಲೆಯಾಗುತ್ತದೆ. ಒಂದೇ ಇಸವಿಯ, ಒಂದೇ ಟಂಕಸಾಲೆಯ ಎರಡು ನಾಣ್ಯಗಳಲ್ಲಿ ಸ್ಥಿತಿಯ ಭೇದದಿಂದಲೇ ಬೆಲೆಯು ಹಲವು ಪಟ್ಟು ವ್ಯತ್ಯಾಸವಾಗುವುದುಂಟು. ಮೊದಲಿನೆರಡನ್ನು ಪುಸ್ತಕದಿಂದ ತಿಳಿಯಬಹುದು. ಸ್ಥಿತಿಯನ್ನು ಮಾತ್ರ ಎದುರಿಗಿರುವ ಆ ಒಂದು ನಾಣ್ಯದಿಂದಲೇ ತಿಳಿಯಬೇಕು. ಚಿತ್ರದಲ್ಲಿ ಮೋಸಕ್ಕೂ ಭ್ರಮೆಗೂ ಎಡೆಯಿರುವುದು ಇಲ್ಲಿಯೇ.

ಸ್ಥಿತಿಯನ್ನು ಸೂಚಿಸಲು ಮಾರಾಟಗಾರರು ಇಂಗ್ಲಿಷಿನ ಪದಗಳನ್ನು ಬಳಸುತ್ತಾರೆ. ಕೆಳಗಿನಿಂದ ಮೇಲಕ್ಕೆ ಅವುಗಳ ಕ್ರಮ ಹೀಗಿದೆ: ಗುಡ್, ವೆರಿ ಗುಡ್, ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್, ಅಬೌಟ್ ಅನ್‌ಸರ್ಕ್ಯುಲೇಟೆಡ್, ಅನ್‌ಸರ್ಕ್ಯುಲೇಟೆಡ್. ಇವುಗಳ ವಾಚ್ಯಾರ್ಥವನ್ನು ನಂಬಿದವನು ಮೋಸಹೋಗುತ್ತಾನೆ. ‘ಗುಡ್’ ಎಂದರೆ ಒಳ್ಳೆಯದು ಎಂದಲ್ಲ. ಬಹಳ ಸವೆದು ಆಕೃತಿಯ ಹೊರಗೆರೆ ಮಾತ್ರ ಉಳಿದದ್ದು ಎಂದರ್ಥ. ‘ಫೈನ್’ ಎಂಬುದು ಚೆನ್ನಾಗಿಯೇ ಸವೆದ, ಆದರೆ ಅಕ್ಷರಗಳೂ ಮುಖ್ಯ ರೂಪವೂ ಸ್ಪಷ್ಟವಾಗಿರುವ ನಾಣ್ಯ. ‘ವೆರಿ ಫೈನ್’ ಎಂಬುದರಲ್ಲಿ ಸೂಕ್ಷ್ಮ ವಿವರಗಳು ಬಹುಮಟ್ಟಿಗೆ ಉಳಿದಿರುತ್ತವೆ. ‘ಎಕ್ಸ್‌ಟ್ರೀಮ್ಲಿ ಫೈನ್’ ಎಂಬುದರಲ್ಲಿ ಅತಿ ಎತ್ತರದ ಉಬ್ಬುಗಳಲ್ಲಿ ಮಾತ್ರ ಸವೆತ. ‘ಅನ್‌ಸರ್ಕ್ಯುಲೇಟೆಡ್’ ಎಂದರೆ ಚಲಾವಣೆಗೆ ಬಿದ್ದು ಸವೆದ ಗುರುತಿಲ್ಲದ್ದು.

ಅಂಕಿಗಳಲ್ಲಿಯೂ ಸ್ಥಿತಿಯನ್ನು ಹೇಳುವ ಪದ್ಧತಿಯಿದೆ. ಅಮೆರಿಕದ ವಿಲಿಯಂ ಶೆಲ್ಡನ್ ಎಂಬವರು ಆ ದೇಶದ ಹಳೆಯ ತಾಮ್ರದ ಸೆಂಟುಗಳಿಗಾಗಿ ೧೯೪೯ರಲ್ಲಿ ೧ರಿಂದ ೭೦ರವರೆಗಿನ ಮಾನವೊಂದನ್ನು ರಚಿಸಿದರು. ಮುಂದೆ ಅದು ಎಲ್ಲ ನಾಣ್ಯಗಳಿಗೂ ವ್ಯಾಪಿಸಿತು. ೧೯೮೬ರಿಂದ ಪಿ.ಸಿ.ಜಿ.ಎಸ್., ೧೯೮೭ರಿಂದ ಎನ್.ಜಿ.ಸಿ. ಎಂಬ ಸಂಸ್ಥೆಗಳು ಶುಲ್ಕ ಪಡೆದು ನಾಣ್ಯವನ್ನು ಪರೀಕ್ಷಿಸಿ, ಅಂಕಿ ನೀಡಿ, ಪಾರದರ್ಶಕ ಪ್ಲಾಸ್ಟಿಕ್ ಕೋಶದಲ್ಲಿ ಮುಚ್ಚಿಕೊಡುತ್ತಿವೆ. ಇದರಲ್ಲಿ ೬೦ರಿಂದ ೭೦ರವರೆಗಿನವು ಸವೆಯದ ನಾಣ್ಯಗಳು. ಆದರೆ ಕೋಶವನ್ನೂ ನಕಲು ಮಾಡುವವರಿದ್ದಾರೆ. ಕೋಶದ ಮೇಲಿನ ಸಂಖ್ಯೆಯನ್ನು ಆಯಾ ಸಂಸ್ಥೆಯ ಜಾಲತಾಣದಲ್ಲಿ ಹುಡುಕಿ, ಅಲ್ಲಿನ ವಿವರಕ್ಕೂ ಮುಂದಿರುವ ನಾಣ್ಯಕ್ಕೂ ಹೊಂದಿಕೆಯುಂಟೇ ಎಂದು ನೋಡದೆ ಅಂಕಿಯನ್ನು ನಂಬಲಾಗದು. ಕೋಶವಿಲ್ಲದ ನಾಣ್ಯಕ್ಕೆ ಮಾರುವವನೇ ಬರೆದ ಅಂಕಿಯು ಅವನ ಅಭಿಪ್ರಾಯವೇ ಹೊರತು ಪ್ರಮಾಣವಲ್ಲ.

ಸವೆತವೋ, ಅಚ್ಚಿನ ದೋಷವೋ?

ಚಿತ್ರವನ್ನು ನೋಡುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ವಿವರವು ಕಾಣದಿರುವುದು ಸವೆದುಹೋದುದರಿಂದಲೋ, ಮೊದಲೇ ಮೂಡದಿದ್ದುದರಿಂದಲೋ?

ಸವೆತವು ಕೈಯಿಂದ ಕೈಗೆ ಸಾಗಿದಂತೆ ಆಗುವುದು. ಆದಕಾರಣ ಅದು ಎತ್ತರವಾದ ಭಾಗಗಳಿಂದ ಆರಂಭವಾಗುತ್ತದೆ: ರಾಜನ ಮುಖದ ಹುಬ್ಬು, ಕಿವಿ, ಕೆನ್ನೆ, ಆನೆಯ ಹೊಟ್ಟೆ, ದೇವತೆಯ ಮೊಣಕಾಲು. ಆ ಜಾಗಗಳು ಚಪ್ಪಟೆಯಾಗಿ ಸುತ್ತಲಿನ ಬಯಲಿಗಿಂತ ಬೇರೆಯಾದ ಬಣ್ಣವನ್ನು ತಾಳುತ್ತವೆ. ಅಚ್ಚು ಸರಿಯಾಗಿ ಮೂಡದಿದ್ದರೆ ಹಾಗಲ್ಲ. ಎತ್ತರವಾದ ಭಾಗವು ಅಸ್ಪಷ್ಟವಾಗಿದ್ದರೂ ಅದರ ಮೇಲಿನ ಲೋಹದ ಮೈ ಉಳಿದ ಭಾಗದಂತೆಯೇ ಇರುತ್ತದೆ; ಅನೇಕ ವೇಳೆ ನಾಣ್ಯದ ಬೆನ್ನಿನಲ್ಲಿ ಅದೇ ಸ್ಥಾನಕ್ಕೆ ಎದುರಾದ ಭಾಗವೂ ಮಸುಕಾಗಿರುತ್ತದೆ. ಆದುದರಿಂದ ಎರಡು ಮುಖಗಳ ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಬೇಕು.

ಕೈಯಿಂದ ಅಚ್ಚೊತ್ತಿದ ನಮ್ಮ ನಾಡಿನ ಹಳೆಯ ನಾಣ್ಯಗಳಲ್ಲಿ ಇನ್ನೊಂದು ಅಂಶವಿದೆ. ಅನೇಕ ವೇಳೆ ಅಚ್ಚು ದೊಡ್ಡದು, ಲೋಹದ ಬಿಲ್ಲೆ ಚಿಕ್ಕದು. ವಿಜಯನಗರದ ವರಹದ ತೂಕ ಸುಮಾರು ೩.೪ ಗ್ರಾಂ, ಅಷ್ಟು ಕಿರಿದಾದ ಬಿಲ್ಲೆಯ ಮೇಲೆ ಮೂರು ಸಾಲಿನ ನಾಗರಿ ಬರಹವು ಪೂರ್ತಿಯಾಗಿ ಬೀಳದಿರುವುದು ಸಹಜ. ಅಕ್ಷರವು ಅಂಚಿನಲ್ಲಿ ತುಂಡಾಗಿದ್ದರೆ ಅದು ಸವೆತವಲ್ಲ. ಅಂಥ ನಾಣ್ಯದಲ್ಲಿ ನೋಡಬೇಕಾದುದು ಬಿದ್ದಿರುವ ಅಕ್ಷರಗಳ ಏಣುಗಳು ಚೂಪಾಗಿವೆಯೇ ಎಂಬುದನ್ನು. ಯಂತ್ರದಲ್ಲಿ ಅಚ್ಚಾದ ಬ್ರಿಟಿಷ್ ಕಾಲದ ರೂಪಾಯಿಯ ಅಳತೆಗೋಲಿನಿಂದ ವರಹವನ್ನು ಅಳೆಯುವುದು ಸರಿಯಲ್ಲ.

ಬೆಳಕು ಮಾಡುವ ಮಾಯೆ

ನಾಣ್ಯದ ಚಿತ್ರವೆಂದರೆ ಬೆಳಕು ನೆರಳುಗಳ ಚಿತ್ರ. ಒಂದೇ ನಾಣ್ಯವು ಬೆಳಕು ಬೀಳುವ ದಿಕ್ಕಿಗೆ ಅನುಸಾರವಾಗಿ ಹೊಸದಾಗಿಯೂ ಹಳೆಯದಾಗಿಯೂ ತೋರಬಲ್ಲದು.

ಬೆಳಕು ನೇರವಾಗಿ ಮೇಲಿನಿಂದ, ಮೃದುವಾಗಿ ಹರಡಿಕೊಂಡು ಬಿದ್ದರೆ ಸಣ್ಣ ಗೀರುಗಳಿಗೆ ನೆರಳೇ ಬೀಳುವುದಿಲ್ಲ. ಉಜ್ಜಿ ತೊಳೆದ ನಾಣ್ಯವೂ ನಿರ್ದೋಷವಾಗಿ ಕಾಣುತ್ತದೆ. ಬೆಳಕು ಒಂದು ಪಕ್ಕದಿಂದ ಓರೆಯಾಗಿ ಬಿದ್ದರೆ ಉಬ್ಬುಗಳಿಗೆ ಉದ್ದನೆಯ ನೆರಳು ಮೂಡಿ, ಅರ್ಧ ಸವೆದ ರೂಪವೂ ಎದ್ದುನಿಂತಂತೆ ತೋರುತ್ತದೆ; ಆದರೆ ಗೀರುಗಳು ಮುಚ್ಚಿಡಲಾಗದಂತೆ ಪ್ರಕಟವಾಗುತ್ತವೆ. ಬೆಳಕು ಅತಿಯಾದರೆ ಎತ್ತರದ ಭಾಗಗಳೆಲ್ಲ ಬಿಳಿಯ ಮಚ್ಚೆಯಾಗಿ, ಸವೆತವಿರುವ ಜಾಗವೇ ಮರೆಯಾಗುತ್ತದೆ. ಕತ್ತಲೆಯ ಹಿನ್ನೆಲೆಯಲ್ಲಿ ಮಂಕಾದ ಬೆಳ್ಳಿಯೂ ಹೊಳೆಯುತ್ತದೆ. ಮೊಬೈಲ್ ಯಂತ್ರವು ಚಿತ್ರವನ್ನು ತಾನಾಗಿಯೇ ಚೂಪುಗೊಳಿಸಿ ಬಣ್ಣವೇರಿಸುವುದೂ ಉಂಟು. ಇವೆಲ್ಲವೂ ವಂಚನೆಯೇ ಆಗಿರಬೇಕಾಗಿಲ್ಲ. ಆದರೆ ಫಲ ಒಂದೇ.

ಆದಕಾರಣ ಒಂದೇ ನಾಣ್ಯಕ್ಕೆ ಎರಡು ಬಗೆಯ ಬೆಳಕಿನ ಚಿತ್ರಗಳನ್ನು ಕೇಳಬೇಕು: ಒಂದು ಹರಡಿದ ಬೆಳಕಿನಲ್ಲಿ, ಇನ್ನೊಂದು ಓರೆ ಬೆಳಕಿನಲ್ಲಿ. ಮೊದಲನೆಯದು ಬಣ್ಣವನ್ನು ಹೇಳುತ್ತದೆ, ಎರಡನೆಯದು ಮೈಯನ್ನು ಹೇಳುತ್ತದೆ. ನಾಣ್ಯದ ಪಕ್ಕದಲ್ಲಿ ಬಿಳಿಯ ಕಾಗದದ ತುಂಡೊಂದು ಇದ್ದರೆ ಬಣ್ಣದ ಸತ್ಯಾಸತ್ಯತೆಯೂ ತಿಳಿಯುತ್ತದೆ. ಕಾಗದವು ಹಳದಿಯಾಗಿ ಕಂಡರೆ ಚಿನ್ನದ ಹಳದಿಯನ್ನು ನಂಬಬಾರದು.

ಅಚ್ಚಿನಿಂದ ಹೊರಬಿದ್ದ ನಾಣ್ಯದ ಸಹಜವಾದ ಹೊಳಪು ನಿಶ್ಚಲವಾದುದಲ್ಲ. ಒತ್ತಡದಲ್ಲಿ ಲೋಹವು ನಡುವಿನಿಂದ ಅಂಚಿಗೆ ಹರಿದಾಗ ಮೂಡಿದ ಅತಿ ಸೂಕ್ಷ್ಮ ಗೆರೆಗಳಿಂದ ಆ ಹೊಳಪು ಬರುತ್ತದೆ. ನಾಣ್ಯವನ್ನು ನಿಧಾನವಾಗಿ ಓರೆ ಮಾಡಿದರೆ ಬೆಳಕಿನ ಪಟ್ಟಿಯು ಗಾಡಿಯ ಚಕ್ರದ ಅರೆಕಾಲುಗಳಂತೆ ಸುತ್ತುತ್ತದೆ. ಪಾಲಿಶ್ ಮಾಡಿದ ನಾಣ್ಯದಲ್ಲಿ ಈ ಸುತ್ತುವಿಕೆ ಇಲ್ಲ; ಕನ್ನಡಿಯಂತೆ ಎಲ್ಲೆಡೆ ಒಂದೇ ಥಳಕು. ಸ್ಥಿರಚಿತ್ರದಲ್ಲಿ ಈ ಭೇದವು ತಿಳಿಯದು. ನಾಣ್ಯವನ್ನು ಓರೆ ಮಾಡುತ್ತ ತೆಗೆದ ಕೆಲವೇ ಕ್ಷಣಗಳ ವಿಡಿಯೋ ಒಂದು ಇಪ್ಪತ್ತು ಚಿತ್ರಗಳಿಗಿಂತ ಮೇಲು.

ಗಾತ್ರದ ಭ್ರಮೆಯೂ ಇಲ್ಲಿ ಸೇರಿಕೊಳ್ಳುತ್ತದೆ. ಕಂಠೀರವ ಹಣವು ಅರ್ಧ ಗ್ರಾಮಿಗಿಂತಲೂ ಹಗುರವಾದ, ಬೆರಳ ತುದಿಯಲ್ಲಿ ಅಂಟಿಕೊಳ್ಳುವಷ್ಟು ಚಿಕ್ಕದಾದ ಚಿನ್ನದ ನಾಣ್ಯ. ತೆರೆಯ ಮೇಲೆ ಅದು ಅಂಗೈಯಗಲ ಕಾಣುತ್ತದೆ. ಹಾಗೆ ಹಿಗ್ಗಿಸಿದಾಗ ಕಣ್ಣಿಗೆ ಕಾಣದ ಗೀರೂ ಕಂದಕವಾಗಿ ತೋರುವುದು. ಇದಕ್ಕೆ ವಿರುದ್ಧವಾಗಿ ದೊಡ್ಡ ರೂಪಾಯಿಯ ಚಿತ್ರವನ್ನು ಮೊಬೈಲಿನಲ್ಲಿ ಹೆಬ್ಬೆರಳುಗುರಿನಷ್ಟಕ್ಕೆ ಕುಗ್ಗಿಸಿ ನೋಡಿದರೆ ನಿಜವಾದ ದೋಷವೂ ಅಡಗುತ್ತದೆ. ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ತೆಗೆದ ಚಿತ್ರವು ಎರಡೂ ಭ್ರಮೆಗಳನ್ನು ನಿವಾರಿಸುತ್ತದೆ.

ತೊಳೆದ ನಾಣ್ಯ, ತೊಟ್ಟ ನಾಣ್ಯ

ನಮ್ಮ ಮನೆಗಳಲ್ಲಿ ಹಿತ್ತಾಳೆ ತಾಮ್ರಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುವ ಪದ್ಧತಿಯುಂಟು. ಪಾತ್ರೆಗೆ ಅದು ಶೋಭೆ, ನಾಣ್ಯಕ್ಕೆ ಅದು ಹಾನಿ. ಹುಣಸೆಯ ಹುಳಿಯು ಕಿಲುಬಿನೊಂದಿಗೆ ಲೋಹದ ಮೇಲ್ಪದರವನ್ನೂ ತಿನ್ನುತ್ತದೆ. ನಾರೂ ಬೂದಿಯೂ ಅಸಂಖ್ಯವಾದ ಕೂದಲೆಳೆಯ ಗೀರುಗಳನ್ನು ಉಳಿಸುತ್ತವೆ. ಶತಮಾನದ ಕಾಲ ಗಾಳಿಯೊಡನೆ ಬೆರೆತು ಬೆಳ್ಳಿಯ ಮೇಲೆ ಮೂಡಿದ ಕಪ್ಪು ಛಾಯೆಯು ಕೊಳೆಯಲ್ಲ. ಅದು ಆ ನಾಣ್ಯದ ಚರ್ಮ. ಒಮ್ಮೆ ಸುಲಿದರೆ ಮತ್ತೆ ಬಾರದು. ಸಂಗ್ರಾಹಕರು ಇಂಥ ನಾಣ್ಯಕ್ಕೆ ಕಡಿಮೆ ಬೆಲೆ ಕಟ್ಟುತ್ತಾರೆ.

ಚಿತ್ರದಲ್ಲಿ ತೊಳೆದ ನಾಣ್ಯವನ್ನು ಗುರುತಿಸುವ ಲಕ್ಷಣಗಳು ಮೂರು. ರೂಪವು ಸವೆದಿದ್ದರೂ ಮೈ ಹೊಸದರಂತೆ ಹೊಳೆಯುವುದು ಮೊದಲನೆಯದು. ಸವೆತವೂ ಹೊಸ ಹೊಳಪೂ ಸಹಜವಾಗಿ ಒಟ್ಟಿಗೆ ಇರಲಾರವು. ಬಯಲು ಭಾಗದಲ್ಲಿ ಒಂದೇ ದಿಕ್ಕಿಗೆ ಓಡುವ ಸಮಾನಾಂತರ ಗೀರುಗಳು ಎರಡನೆಯದು. ಅಕ್ಷರಗಳ ಬುಡದಲ್ಲಿ ಮಾತ್ರ ಹಳೆಯ ಕಪ್ಪು ಉಳಿದು, ಸುತ್ತಲೂ ಬೆಳ್ಳಗಿರುವುದು ಮೂರನೆಯದು.

ತಾಮ್ರದ ನಾಣ್ಯಗಳಲ್ಲಿ ಹಸಿರನ್ನೂ ವಿವೇಚಿಸಬೇಕು. ಗಟ್ಟಿಯಾದ, ನುಣುಪಾದ, ಸಮನಾದ ಹಸಿರು ಅಥವಾ ಕಂದು ಪದರವು ನಾಣ್ಯವನ್ನು ರಕ್ಷಿಸುವಂಥದು. ತಿಳಿಹಸಿರು ಬಣ್ಣದ, ಪುಡಿಪುಡಿಯಾದ ಚುಕ್ಕೆಗಳು ರೋಗದ ಲಕ್ಷಣ. ಲೋಹದೊಳಗೆ ಸೇರಿದ ಕ್ಲೋರೈಡು ತೇವದ ಗಾಳಿಯೊಡನೆ ಕೂಡಿ ತಾಮ್ರವನ್ನು ನಿರಂತರವಾಗಿ ತಿನ್ನುತ್ತಿರುತ್ತದೆ. ಚಿತ್ರ ತೆಗೆದ ದಿನ ಚುಕ್ಕೆಯಾಗಿದ್ದುದು ಮುಂದಿನ ಮಳೆಗಾಲಕ್ಕೆ ಗುಳಿಯಾಗಬಹುದು.

ಕಾಸಿನ ಸರದಿಂದ ಬಿಡಿಸಿದ ನಾಣ್ಯಗಳಿಗೆ ಪ್ರತ್ಯೇಕವಾದ ಪರೀಕ್ಷೆ ಅಗತ್ಯ. ಕೊಂಡಿಯನ್ನು ಬೆಸೆದ ಜಾಗವು ಬಹುತೇಕ ರಾಜಮುಖದ ನೆತ್ತಿಯ ನೇರಕ್ಕೆ ಅಂಚಿನಲ್ಲಿರುತ್ತದೆ. ಕೊಂಡಿಯನ್ನು ತೆಗೆದು ಅರೆದು ನಯಗೊಳಿಸಿದರೂ ಅಲ್ಲಿ ಅಂಚಿನ ಮಣಿಗಳು ಅಥವಾ ಹಲ್ಲುಗಳು ಅಳಿಸಿಹೋಗಿರುತ್ತವೆ. ಬೆಸುಗೆಯ ಬಣ್ಣವು ತುಸು ಬೇರೆಯಾಗಿರುತ್ತದೆ. ತೂತು ಮುಚ್ಚಿದ್ದಾದರೆ ಎರಡೂ ಮುಖಗಳಲ್ಲಿ ಒಂದೇ ಸ್ಥಾನದಲ್ಲಿ ಅಕ್ಷರದ ಏರುಪೇರು ಕಾಣುವುದು. ಹೀಗಾಗಿ ಅಂಚಿನ ಚಿತ್ರವಿಲ್ಲದೆ ಬೆಳ್ಳಿಯ ರೂಪಾಯಿಯನ್ನು ಒಪ್ಪಬಾರದು.

ನಕಲಿನ ಗುರುತುಗಳು

ನಕಲಿ ನಾಣ್ಯಗಳಲ್ಲಿ ಬಹುಭಾಗ ಎರಕದವು. ಮೂಲನಾಣ್ಯದಿಂದ ಪಡಿಯಚ್ಚು ತೆಗೆದು ಲೋಹವನ್ನು ಎರೆದಾಗ ಅಕ್ಷರಗಳ ಏಣುಗಳು ಕರಗಿದ ಸಾಬೂನಿನಂತೆ ಮೊಂಡಾಗುತ್ತವೆ. ಬಯಲಿನಲ್ಲಿ ಸೂಜಿಮೊನೆಯಷ್ಟು ಗುಳಿಗಳು ಉಳಿಯುತ್ತವೆ. ಅಂಚಿನ ಸುತ್ತ ಎರಡು ಅಚ್ಚುಗಳು ಕೂಡಿದ ಗೆರೆ ಕಾಣಬಹುದು. ಒಂದೇ ಮೂಲದಿಂದ ಹುಟ್ಟಿದ ನಕಲುಗಳೆಲ್ಲ ಒಂದೇ ಕಡೆ ಒಂದೇ ಗೀರನ್ನು ಹೊತ್ತಿರುತ್ತವೆ. ಕೈಯಿಂದ ಅಚ್ಚೊತ್ತಿದ ಎರಡು ವರಹಗಳು ಅಂಚಿನ ಆಕಾರದಲ್ಲಿಯೂ ಅಚ್ಚು ಬಿದ್ದ ಸ್ಥಾನದಲ್ಲಿಯೂ ಪೂರ್ತಿ ಒಂದೇ ಆಗಿರುವುದು ಅಸಂಭವ. ಹಾಗೆ ಕಂಡರೆ ಒಂದೇ ಚಿತ್ರವನ್ನು ಎರಡು ಕಡೆ ಬಳಸಿದ್ದಾರೆ, ಇಲ್ಲವೇ ಎರಡೂ ಎರಕದವು.

ಅಂಕಿಯನ್ನು ತಿದ್ದಿದ ನಾಣ್ಯಗಳೂ ಉಂಟು. ಆರನೆಯ ಜಾರ್ಜನ ಬೆಳ್ಳಿಯ ರೂಪಾಯಿಗಳಲ್ಲಿ ೧೯೩೯ರದು ವಿರಳ, ೧೯೩೮ರದು ಅಷ್ಟು ವಿರಳವಲ್ಲ. ನಡುವಿನ ಭೇದ ಒಂದೇ ಒಂದು ಅಂಕಿ. ಇಂಥ ಕಡೆ ಕೊನೆಯ ಅಂಕಿಯನ್ನು ಮಾತ್ರ ಹತ್ತಿರದಿಂದ ತೆಗೆದ ಚಿತ್ರವನ್ನು ಕೇಳಿ, ಆ ಅಂಕಿಯ ಬುಡವು ಬಯಲಿನೊಡನೆ ಸಹಜವಾಗಿ ಕೂಡಿದೆಯೇ, ಸುತ್ತ ಕೆರೆದ ಗುರುತಿದೆಯೇ ಎಂದು ನೋಡಬೇಕು.

ರಾಮಪಟ್ಟಾಭಿಷೇಕದ ಚಿತ್ರವುಳ್ಳ ರಾಮಟಂಕಗಳನ್ನು ಪ್ರಾಚೀನ ನಾಣ್ಯಗಳೆಂದು ಮಾರುವುದು ಸಾಮಾನ್ಯ. ಅವು ಪೂಜೆಯ ಮುದ್ರಿಕೆಗಳೇ ಹೊರತು ಚಲಾವಣೆಯ ನಾಣ್ಯಗಳಲ್ಲ. ಇತ್ತೀಚೆಗೆ ಮಾಡಿದವೇ ಹೇರಳವಾಗಿವೆ. ಭಕ್ತಿಯಿಂದ ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಪ್ರಾಚೀನತೆಯ ಬೆಲೆ ಕೊಡಬೇಕಾಗಿಲ್ಲ.

ಒಂದು ನಿದರ್ಶನ

ಮೇಲಿನ ಮಾತುಗಳನ್ನು ಒಂದು ನಾಣ್ಯಕ್ಕೆ ಅನ್ವಯಿಸಿ ನೋಡಬಹುದು. ಐದನೆಯ ಜಾರ್ಜನ ೧೯೧೧ರ ರೂಪಾಯಿಯು ಸಂಗ್ರಾಹಕರಲ್ಲಿ ‘ಹಂದಿ ರೂಪಾಯಿ’ ಎಂದು ಪ್ರಸಿದ್ಧ. ರಾಜನ ಮೇಲಂಗಿಯ ಮೇಲಿನ ಪದಕಮಾಲೆಯಲ್ಲಿ ಆನೆಯ ಚಿತ್ರವಿದೆ. ಅದರ ಸೊಂಡಿಲು ಮೋಟಾಗಿದ್ದುದರಿಂದ ಜನರಿಗೆ ಅದು ಹಂದಿಯಂತೆ ಕಂಡು ಆಕ್ಷೇಪಗಳು ಎದ್ದುವು. ೧೯೧೨ರ ನಾಣ್ಯಗಳಲ್ಲಿ ಆನೆಯ ರೂಪವನ್ನು ತಿದ್ದಲಾಯಿತು.

ಈ ನಾಣ್ಯವೊಂದು ಮಾರಾಟಕ್ಕಿದೆ, ‘ಎಕ್ಸ್‌ಟ್ರೀಮ್ಲಿ ಫೈನ್’ ಎಂದು ಬರೆದಿದೆ, ಎರಡು ಚಿತ್ರಗಳಿವೆ ಎಂದು ಭಾವಿಸೋಣ. ಇಸವಿಯನ್ನು ನೋಡಿದ ಮೇಲೆ ದೃಷ್ಟಿಯು ಹೋಗಬೇಕಾದುದು ಉಬ್ಬುಗಳ ಕಡೆಗೆ: ಕಿರೀಟದ ಮಣಿಗಳು, ಹುಬ್ಬು, ಕಿವಿ, ಮೀಸೆ, ಮೇಲಂಗಿಯ ಆನೆ. ಕಿರೀಟದ ಮಣಿಗಳು ಒಂದೊಂದಾಗಿ ಬಿಡಿಸಿ ಕಾಣುತ್ತಿದ್ದು, ಆನೆಯ ಕಾಲುಗಳೂ ಸೊಂಡಿಲೂ ಸ್ಪಷ್ಟವಾಗಿದ್ದರೆ ಬರೆದ ದರ್ಜೆಯನ್ನು ಪರಿಶೀಲಿಸಬಹುದು. ಮಣಿಗಳು ಕೂಡಿಕೊಂಡು ಒಂದು ಗೆರೆಯಾಗಿ, ಆನೆಯು ಬರಿಯ ಉಬ್ಬಾಗಿ ಉಳಿದಿದ್ದರೆ ಅದು ‘ಫೈನ್’ ದರ್ಜೆಯ ಆಸುಪಾಸಿನದು, ಎಷ್ಟೇ ಹೊಳೆಯಲಿ. ಹೊಳೆಯುತ್ತಿದ್ದರೆ ಅದೇ ಶಂಕೆಗೆ ಕಾರಣ. ಸವೆದ ಮೈಗೆ ಹೊಳಪು ಎಲ್ಲಿಂದ ಬಂತು? ಅನಂತರ ಅಂಚಿನ ನೆತ್ತಿಯ ಭಾಗದಲ್ಲಿ ಬೆಸುಗೆಯ ಶೇಷವನ್ನು ಹುಡುಕಬೇಕು. ಇಷ್ಟಾದ ಮೇಲೆ ಚಿತ್ರವು ಹೇಳಲಾಗದ ಸಂಗತಿಗಳನ್ನು ಪತ್ರಮುಖೇನ ಕೇಳಬೇಕು.

ಕೇಳಬೇಕಾದ ಸಂಗತಿಗಳನ್ನು ಸಂಗ್ರಹಿಸಿ ಹೀಗೆ ಹೇಳಬಹುದು:

೧. ಎರಡು ಮುಖಗಳ, ಎರಡು ಬಗೆಯ ಬೆಳಕಿನ ಚಿತ್ರಗಳು, ಪ್ಲಾಸ್ಟಿಕ್ ಹೊದಿಕೆಯಿಂದ ಹೊರತೆಗೆದು.
೨. ಅಂಚನ್ನು ಸುತ್ತಲೂ ತೋರಿಸುವ, ನಾಣ್ಯವನ್ನು ಓರೆ ಮಾಡುವ ವಿಡಿಯೋ.
೩. ತಕ್ಕಡಿಯ ಮೇಲೆ ನಾಣ್ಯವಿದ್ದು ಅಂಕಿಯು ಕಾಣುವ ಚಿತ್ರ, ಮತ್ತು ಅಳತೆಪಟ್ಟಿಯೊಂದಿಗಿನ ಚಿತ್ರ.
೪. ಕೊಳ್ಳುವವನು ಹೇಳಿದ ದಿನಾಂಕವನ್ನು ಚೀಟಿಯಲ್ಲಿ ಬರೆದು ನಾಣ್ಯದ ಪಕ್ಕದಲ್ಲಿಟ್ಟು ತೆಗೆದ ಚಿತ್ರ. ನಾಣ್ಯವು ಮಾರುವವನ ಬಳಿ ನಿಜವಾಗಿಯೂ ಇದೆಯೆಂಬುದಕ್ಕೆ ಇದು ಆಧಾರ.
೫. ತೊಳೆದಿದ್ದಾರೆಯೇ, ಕೊಂಡಿ ಇತ್ತೇ ಎಂಬ ಪ್ರಶ್ನೆಗೆ ಬರಹದಲ್ಲಿ ಉತ್ತರ. ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸುವ ಅವಧಿ.

ಪ್ರಾಮಾಣಿಕನಾದ ವ್ಯಾಪಾರಿಗೆ ಈ ಬೇಡಿಕೆಗಳು ಭಾರವಲ್ಲ. ತೋರಿಸದ ಮುಖದಲ್ಲಿ ದೋಷವಿದೆಯೆಂದೇ ತಿಳಿದು ಬೆಲೆ ಕಟ್ಟುವುದು ವಿವೇಕ.

ಪ್ರಯೋಗಶಾಲೆಯಲ್ಲಿ ಪರೀಕ್ಷೆ

ನಾಣ್ಯವು ಕೈಸೇರಿದ ಮೇಲೆ ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ ನೋಟಗಾರನ ಉಳಿದ ಪರೀಕ್ಷೆಗಳನ್ನು ಮಾಡಬೇಕು. ಇದಕ್ಕೆ ಶಾಲೆಯ ಪ್ರಯೋಗಶಾಲೆಯ ತಕ್ಕಡಿಯೇ ಸಾಕು. ೧೮೩೫ರಿಂದ ಬೆಳ್ಳಿಯ ರೂಪಾಯಿಯ ನಿಯತವಾದ ತೂಕ ೧೮೦ ಗ್ರೇನ್, ಎಂದರೆ ೧೧.೬೬ ಗ್ರಾಂ, ಬೆಳ್ಳಿಯ ಪ್ರಮಾಣ ಸಾವಿರಕ್ಕೆ ೯೧೭. ೧೯೪೦ರಿಂದ ತೂಕ ಅದೇ ಇದ್ದು ಬೆಳ್ಳಿಯು ಅರ್ಧಕ್ಕೆ ಇಳಿಯಿತು. ಆದ್ದರಿಂದ ತೂಕವೊಂದೇ ಸಾಲದು.

ಭೌತಶಾಸ್ತ್ರದ ಪಾಠದಲ್ಲಿ ಬರುವ ಆರ್ಕಿಮಿಡೀಸನ ತತ್ತ್ವವು ಇಲ್ಲಿ ನೆರವಾಗುತ್ತದೆ. ನಾಣ್ಯವನ್ನು ಗಾಳಿಯಲ್ಲಿ ತೂಗಿ, ಅನಂತರ ತೆಳುವಾದ ದಾರದಲ್ಲಿ ಕಟ್ಟಿ ನೀರಿನೊಳಗೆ ತೂಗಬಿಟ್ಟು ತೂಗಬೇಕು. ಸಾವಿರಕ್ಕೆ ೯೧೭ ಬೆಳ್ಳಿಯ ರೂಪಾಯಿಯಾದರೆ ನೀರಿನಲ್ಲಿ ಕಡಿಮೆಯಾಗುವ ತೂಕ ಸುಮಾರು ೧.೧೩ ಗ್ರಾಂ. ಗಾಳಿಯ ತೂಕವನ್ನು ಈ ಕಡಿಮೆಯಾದ ತೂಕದಿಂದ ಭಾಗಿಸಿದರೆ ೧೦.೩ರ ಸಮೀಪದ ಸಾಪೇಕ್ಷ ಸಾಂದ್ರತೆ ದೊರೆಯುತ್ತದೆ. ತಾಮ್ರವೇ ಪ್ರಧಾನವಾದ ನಕಲಾದರೆ ಅದು ೯ರ ಆಸುಪಾಸಿಗೆ ಇಳಿಯುತ್ತದೆ. ನಾಣ್ಯಕ್ಕೆ ಒಂದು ಗೀರೂ ಆಗದಂತೆ ಲೋಹವನ್ನು ಪರೀಕ್ಷಿಸುವ ಈ ಕ್ರಮವು ಒರೆಗಲ್ಲಿಗಿಂತ ಸೌಮ್ಯವಾದುದು. ಪರೀಕ್ಷೆಯ ಬಳಿಕ ನಾಣ್ಯವನ್ನು ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಒಣಗಿಸಬೇಕು, ಉಜ್ಜಬಾರದು. ಕಿಲುಬಿನ ರೋಗವಿರುವ ತಾಮ್ರದ ನಾಣ್ಯವನ್ನು ಮಾತ್ರ ನೀರಿಗೆ ಇಳಿಸಬಾರದು.

ಮಾರುವವರು ಅರಿಯಬೇಕಾದುದು

ಕೊಳ್ಳುವವರಷ್ಟೇ ಅಲ್ಲ, ಮಾರಹೊರಟವರೂ ವಂಚಿತರಾಗುತ್ತಿದ್ದಾರೆ. ಹಳೆಯ ಐದು ರೂಪಾಯಿಯ ನೋಟಿಗೆ, ಯಾವುದೋ ದೇವಿಯ ಚಿತ್ರದ ನಾಣ್ಯಕ್ಕೆ ಲಕ್ಷಗಟ್ಟಲೆ ಹಣ ಕೊಡುವುದಾಗಿ ಜಾಹೀರಾತು ಹೊರಡುತ್ತದೆ. ನಂಬಿ ಕರೆ ಮಾಡಿದವರಿಂದ ನೋಂದಣಿ, ತೆರಿಗೆ, ಕಮಿಷನ್ ಎಂಬ ಹೆಸರುಗಳಲ್ಲಿ ಹಣವನ್ನು ಕೀಳುತ್ತಾರೆ. ನಾಣ್ಯವನ್ನು ಕೊಳ್ಳುವವನು ಕೊನೆಗೂ ಬಾರನು. ತನ್ನ ಹೆಸರನ್ನು ಹೀಗೆ ದುರುಪಯೋಗಪಡಿಸುತ್ತಿರುವುದನ್ನು ಕಂಡು ಭಾರತೀಯ ರಿಸರ್ವ್ ಬ್ಯಾಂಕು ೨೦೨೧ರ ಆಗಸ್ಟಿನಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆಯ ಪ್ರಕಟಣೆಯನ್ನು ನೀಡಿತು. ತಾನು ಇಂಥ ವ್ಯವಹಾರ ನಡೆಸುವುದಿಲ್ಲವೆಂದೂ, ಇದಕ್ಕಾಗಿ ಯಾರಿಂದಲೂ ಶುಲ್ಕ ಕೇಳುವುದಿಲ್ಲವೆಂದೂ ಸ್ಪಷ್ಟಪಡಿಸಿತು. ಮಾರುವವನಿಂದಲೇ ಮುಂಗಡ ಕೇಳುವವನು ಖರೀದಿದಾರನಲ್ಲ ಎಂಬ ಒಂದು ಸೂತ್ರವನ್ನು ಮನೆಯ ಹಿರಿಯರೆಲ್ಲರಿಗೂ ವಿದ್ಯಾರ್ಥಿಗಳು ತಿಳಿಸಿಕೊಡಬೇಕು.

ಕಾಯಿದೆಯ ಮಾತನ್ನೂ ಮರೆಯಲಾಗದು. ೧೯೭೨ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ಮೀರಿದ ನಾಣ್ಯವು ಪುರಾವಸ್ತು. ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ನೆಲದಲ್ಲಿ ದೊರೆತ ನಿಧಿಯನ್ನು ಸರ್ಕಾರದ ಗಮನಕ್ಕೆ ತರುವುದು ದೊರೆತವನ ಕರ್ತವ್ಯ.

ಈ ಕಟ್ಟಳೆಯ ಹಿಂದೆ ಒಂದು ದೊಡ್ಡ ಕಾರಣವಿದೆ. ಯಶವಂತಪುರದಲ್ಲಿ ದೊರೆತವು ೧೬೩ ನಾಣ್ಯಗಳೆಂದೂ, ಯಾವ ಯಾವ ಚಕ್ರವರ್ತಿಗಳವೆಂದೂ ಇಂದು ಹೇಳಲು ಸಾಧ್ಯವಾಗಿರುವುದು ಅವು ಒಟ್ಟಾಗಿ ದಾಖಲೆಯಾದುದರಿಂದ. ಅವುಗಳನ್ನು ಕಂಡವರು ಒಂದೊಂದನ್ನೇ ಗುಟ್ಟಾಗಿ ಮಾರಿದ್ದರೆ ಪ್ರತಿ ನಾಣ್ಯವೂ ರೋಮಿನದೆಂದು ತಿಳಿಯುತ್ತಿತ್ತು. ಬೆಂಗಳೂರಿನ ನೆಲದಲ್ಲಿ ಹುದುಗಿತ್ತೆಂಬುದು ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. ಅತ್ಯುತ್ತಮ ದರ್ಜೆಯ ನಾಣ್ಯಕ್ಕೂ ಎಲ್ಲಿ ದೊರೆಯಿತೆಂಬ ನೆನಪು ಅಳಿದರೆ ಚರಿತ್ರೆಯ ದೃಷ್ಟಿಯಿಂದ ಅದು ಅರ್ಧ ಸವೆದಂತೆಯೇ. ಯಾವ ಛಾಯಾಚಿತ್ರವೂ ತೋರಿಸಲಾರದ ಸವೆತವದು.

ಆದುದರಿಂದ ಮನೆಯಲ್ಲಿ ಹಳೆಯ ನಾಣ್ಯವಿರುವ ವಿದ್ಯಾರ್ಥಿಯು ಮೊದಲು ಮಾಡಬೇಕಾದ ಕೆಲಸ ಅದನ್ನು ಬೆಳಗುವುದಲ್ಲ, ಮಾರುವುದೂ ಅಲ್ಲ. ಅಂಚನ್ನು ಹಿಡಿದು ಎತ್ತಿ, ತೂಗಿ, ಅಳೆದು, ಎರಡು ಬೆಳಕಿನಲ್ಲಿ ಚಿತ್ರ ತೆಗೆದು, ಯಾರಿಂದ ಬಂತು, ಎಲ್ಲಿತ್ತು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಒಂದು ಪುಟದಲ್ಲಿ ಬರೆದಿಡಬೇಕು. ತನ್ನ ಕೈಯಲ್ಲಿರುವ ನಾಣ್ಯವನ್ನು ಹೀಗೆ ನೋಡಲು ಕಲಿತ ಕಣ್ಣಿಗೆ, ದೂರದ ನಾಣ್ಯದ ಚಿತ್ರದಲ್ಲಿ ಏನಿದೆ, ಏನಿಲ್ಲ ಎಂಬುದು ತಾನಾಗಿಯೇ ಗೋಚರಿಸತೊಡಗುತ್ತದೆ.